ನೊವಾಕ್ ಅಂದರೆ ಹೊಸಬ, ನೊವಾಕೋವಾ ಅಚ್ಚಿನ ತಪ್ಪಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕ್ರೀಡಾ ಪುಟದ ಮೂಲೆಯಲ್ಲಿ ಒಂದು ಪುಟ್ಟ ಬಾಕ್ಸ್ ಬಂದಿತ್ತು. ನೊವಾಕ್ ಎಂಬುದು ಸರ್ಬಿಯಾದ ಒಂದು ಮನೆತನದ ಹೆಸರು, ಟೆನಿಸ್ ಆಟಗಾರ ಜೊಕೊವಿಚ್ ಅವರಿಂದ ಅದು ಜಗತ್ತಿಗೆ ಗೊತ್ತಾಯಿತು ಅಂತ ಅದರಲ್ಲಿ ಬರೆದಿದ್ದಿರಿ. ಅದರಲ್ಲಿ ಎರಡು ತಪ್ಪಿವೆ. ಜೊಕೊವಿಚ್ ಅವರಿಗೆ ನೊವಾಕ್ ಅಡ್ಡಹೆಸರಲ್ಲ, ತಂದೆ ತಾಯಿ ಇಟ್ಟ ಹೆಸರು. ಅಡ್ಡಹೆಸರು ಜೊಕೊವಿಚ್, ಅಂದರೆ ಜೊಕೊ ಎಂಬಾತನ ವಂಶದವರು. ಇನ್ನು ನೊವಾಕ್ ಅಡ್ಡಹೆಸರಾಗಿ ಮನೆಮನೆಯಲ್ಲಿ ಸಿಗುವುದು ಜೆಕ್ ದೇಶದಲ್ಲಿ, ಪೋಲೆಂಡಿನಲ್ಲಿ, ಸ್ಲೊವೇನಿಯಾದಲ್ಲಿ. ಈ ಮೂರೂ ದೇಶಗಳಲ್ಲಿ ಅದು ಎಲ್ಲಕ್ಕಿಂತ ಜಾಸ್ತಿ ಇರುವ ಅಡ್ಡಹೆಸರು.

ಇಷ್ಟು ಸಣ್ಣ ತಪ್ಪಿಗೆ ಇಷ್ಟುದ್ದ ಪತ್ರ ಯಾಕೆ ಅಂತ ನಿಮಗೆ ಅನ್ನಿಸಬಹುದು. ಇದೇ ಹೆಸರಿನ ದೆಸೆಯಿಂದ ಹೋದ ಜನವರಿಯಲ್ಲಿ ನಮ್ಮ ಮನೆಗೆ ಬರಬೇಕಿದ್ದ ಇಬ್ಬರು ವಯಸ್ಸಾದವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡರು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಹೆಸರಿನ ಕಥೆ ಹೇಳುತ್ತೇನೆ, ಯಾಕೆಂದರೆ ಅದು ನಿಜಕ್ಕೂ ತುಂಬಾ ಚೆನ್ನಾಗಿದೆ.

ನನ್ನ ಮಗ ಜೆಕ್ ದೇಶದ ಬರ್ನೊ ಊರಿನಲ್ಲಿ ಕೆಲಸಕ್ಕಿದ್ದಾನೆ. ಬ್ಯಾಂಕಿನಿಂದ ನಿವೃತ್ತಿ ಆದ ಮೇಲೆ ಎರಡು ಬೇಸಿಗೆ ಅಲ್ಲಿಗೆ ಹೋಗಿ ಮೂರು ಮೂರು ತಿಂಗಳು ಇದ್ದು ಬಂದಿದ್ದೇನೆ. ಅವನಿರುವುದು ಎಂಟು ಮಹಡಿಯ ಹಳೆಯ ಕಟ್ಟಡ, ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಕಟ್ಟಿದ್ದು. ಕೆಳಗಿನ ಬಾಗಿಲ ಪಕ್ಕ ಕರೆಗಂಟೆಗಳ ಒಂದು ದೊಡ್ಡ ಫಲಕ ಇದೆ. ಪ್ರತಿ ಗುಂಡಿಯ ಪಕ್ಕ ಗಾಜಿನ ಕೆಳಗೆ ಒಂದು ಚೀಟಿ, ಅದರಲ್ಲಿ ಬರೀ ಅಡ್ಡಹೆಸರು. ಮನೆ ನಂಬರ್ ಕೂಡ ಇಲ್ಲ. ಮಗ ಆಫೀಸಿಗೆ ಹೋದ ಮೇಲೆ ಆ ಫಲಕ ಓದುತ್ತಾ ನಿಲ್ಲುವುದೇ ನನಗೊಂದು ಕೆಲಸ. ಎರಡು ಕಡೆ ನೊವಾಕ್ ಅಂತ ಇತ್ತು. ಒಂದು ಕಡೆ ನೊವಾಕೋವಾ. ಇನ್ನೊಂದು ಕಡೆ ನೊವಾಕೋವಿ. ಒಂದೇ ಮನೆತನದವರು ನಾಲ್ಕು ಮನೆ ಮಾಡಿಕೊಂಡಿದ್ದಾರೆ, ನಮ್ಮ ಕಡೆ ಒಂದೇ ವಾಡೆಯಲ್ಲಿ ಅಣ್ಣತಮ್ಮಂದಿರು ಇರುವ ಹಾಗೆ ಅಂದುಕೊಂಡಿದ್ದೆ. ಮಗ ನಕ್ಕುಬಿಟ್ಟ. ಅಮ್ಮಾ, ಅವರಿಗೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ ಅಂದ.

ನನಗೆ ಸರಿಯಾಗಿ ತಿಳಿಸಿ ಹೇಳಿದ್ದು ನೊವಾಕೋವಿ ಅಂತ ಚೀಟಿ ಇದ್ದ ಮನೆಯ ಅಜ್ಜಿ. ನಮ್ಮ ಎದುರು ಮನೆ ಅವರದು. ಒಂದು ದಿನ ಪ್ಲಮ್ ಹಣ್ಣಿನ ಕೇಕ್ ತಂದುಕೊಟ್ಟರು, ನಾನು ಶೇಂಗಾ ಹೋಳಿಗೆ ಕೊಟ್ಟೆ, ಅಲ್ಲಿಂದ ಶುರುವಾಯಿತು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಜೆಕ್ ಬರುವುದಿಲ್ಲ. ಮಗ ನಡುವೆ ಕೂತು ಹೇಳುತ್ತಿದ್ದ. ಗಂಡಸು ನೊವಾಕ್, ಹೆಂಗಸು ನೊವಾಕೋವಾ, ಇಡೀ ಮನೆಯವರು ಸೇರಿದರೆ ನೊವಾಕೋವಿ. ಹೆಸರು ಒಂದೇ, ಬಾಲ ಬೇರೆ. 'ಓವಾ' ಅಂದರೆ ಮೂಲದಲ್ಲಿ 'ಅವನಿಗೆ ಸೇರಿದವಳು' ಅನ್ನುವ ಅರ್ಥವೇ ಇತ್ತು, ಈಗ ಅದು ವ್ಯಾಕರಣ ಆಗಿಹೋಗಿದೆ. ಹೆಂಡತಿಗೂ ಅದೇ, ಮಗಳಿಗೂ ಅದೇ.

ಈಗ ಅರ್ಥಕ್ಕೆ ಬರೋಣ. ಜೆಕ್ ಭಾಷೆಯಲ್ಲಿ 'ನೋವೀ' ಅಂದರೆ ಹೊಸದು. ಅದಕ್ಕೆ 'ಆಕ್' ಸೇರಿಸಿದರೆ ಮನುಷ್ಯ ಆಗುತ್ತಾನೆ. ನೊವಾಕ್ ಅಂದರೆ ಹೊಸಬ. ಊರಿಗೆ ಹೊಸದಾಗಿ ಬಂದವನು, ಅಷ್ಟೇ. ಆ 'ನೋವೀ' ನಮಗೆ ಅಪರಿಚಿತವೂ ಅಲ್ಲ. ನವಜಾತ ಶಿಶು, ನವವಧು ಅಂತೆಲ್ಲ ನಾವು ಹೇಳುತ್ತೇವಲ್ಲ, ಸಂಸ್ಕೃತದಿಂದ ನಮಗೆ ಬಂದ ಆ 'ನವ'ಕ್ಕೂ ಅವರ 'ನೋವೀ'ಗೂ ಬೇರು ಒಂದೇ. ನಮ್ಮ ಸ್ವಂತ ಮಾತು 'ಹೊಸ', ಹಳಗನ್ನಡದ 'ಪೊಸ', ಅದರ ದಾರಿ ಬೇರೆ.

ಈ ಹೆಸರು ಒಬ್ಬನೇ ಮೂಲಪುರುಷನಿಂದ ಹರಡಿದ್ದಲ್ಲ. ಅದಕ್ಕೇ ಆ ಫಲಕದ ನಾಲ್ಕು ಮನೆಯವರಿಗೆ ಸಂಬಂಧ ಇಲ್ಲ. ಪ್ರತಿ ಹಳ್ಳಿಗೂ ಒಂದಲ್ಲ ಒಂದು ದಿನ ಹೊರಗಿನಿಂದ ಯಾರೋ ಬಂದೇ ಬರುತ್ತಾರೆ. ಹಳ್ಳಿಯವರು ಅವನನ್ನು ಏನಂತ ಕರೆಯುತ್ತಾರೆ? ಆ ಹೊಸಬ ಅಂತ. ಹೀಗೆ ನೂರಾರು ಹಳ್ಳಿಗಳಲ್ಲಿ, ಒಂದಕ್ಕೊಂದು ಗೊತ್ತಿಲ್ಲದೆ, ನೂರಾರು ನೊವಾಕ್‌ಗಳು ಹುಟ್ಟಿಕೊಂಡರು. ನಮ್ಮಲ್ಲಿ ಯಾವ ತಾಲ್ಲೂಕಿಗೆ ಹೋದರೂ ಒಂದು ಹೊಸೂರೋ ಹೊಸಹಳ್ಳಿಯೋ ಸಿಗುತ್ತದೆ, ಅವೆಲ್ಲ ಒಂದೇ ಊರಿನವರು ಕಟ್ಟಿದ್ದಲ್ಲ ಅಲ್ವಾ, ಹಾಗೇ ಇದೂ.

ಆದರೆ ಬೊಹೀಮಿಯಾದಲ್ಲಿ, ಅಂದರೆ ಜೆಕ್ ದೇಶದ ಪಶ್ಚಿಮದ ದೊಡ್ಡ ಭಾಗದಲ್ಲಿ, ಇಷ್ಟೊಂದು ಹೊಸಬರು ಯಾಕೆ ಬಂದರು? ಅಲ್ಲಿ 1618ರಿಂದ 1648ರವರೆಗೆ ಮೂವತ್ತು ವರ್ಷ ಯುದ್ಧ ನಡೆಯಿತು. ಸೈನ್ಯಗಳು ಹಾದುಹೋದ ಕಡೆಯೆಲ್ಲ ಊರುಗಳು ಸುಟ್ಟವು, ಜನ ಸತ್ತರು, ರೋಗ ಬಂತು, ಧರ್ಮದ ಕಾರಣಕ್ಕೆ ಎಷ್ಟೋ ಜನ ದೇಶ ಬಿಟ್ಟರು. ಯುದ್ಧ ಮುಗಿದ ಮೇಲೆ ತೆರಿಗೆಗೆಂದು 1654ರ ಹೊತ್ತಿಗೆ ಬೊಹೀಮಿಯಾದ ಹೊಲಮನೆಗಳ ಲೆಕ್ಕ ಬರೆಸಿದರು. ಯಾರ ಹೊಲ ಎಷ್ಟು, ಎತ್ತು ಎಷ್ಟು, ದನ ಎಷ್ಟು ಅಂತ. ಆ ಪುಸ್ತಕಗಳಲ್ಲಿ ಪಾಳು ಬಿದ್ದ ಹೊಲಮನೆಗಳನ್ನೂ ಬರೆದಿದ್ದಾರೆ. ಅಂಥ ಪಾಳು ಜಾಗಕ್ಕೆ ಬೇರೆ ಕಡೆಯವರು ಬಂದು ನೇಗಿಲು ಹೂಡಿದರು. ಹಾಗೆ ಬಂದವನು ಆ ಊರಿಗೆ ಹೊಸಬ. ಹೆಸರು ಯುದ್ಧಕ್ಕಿಂತ ಮೊದಲೂ ಇತ್ತು, ಅದು ನಿಜ. ಆದರೆ ಇಂಥ ಕಾಲ ಅದನ್ನು ಇನ್ನಷ್ಟು ಮನೆಗಳಿಗೆ ಹಚ್ಚಿತು.

ಇನ್ನೊಂದು ವಿಷಯ ಕೇಳಿ. ಹಿಂದೆ ಅಲ್ಲಿ ಅಡ್ಡಹೆಸರು ಮನುಷ್ಯನಿಗಿಂತ ಮನೆಗೆ ಜಾಸ್ತಿ ಅಂಟಿಕೊಂಡಿರುತ್ತಿತ್ತು. ಒಂದು ಹೊಲಮನೆಗೆ 'ನೊವಾಕರ ಮನೆ' ಅಂತ ಹೆಸರು ಬಿದ್ದರೆ, ಅದನ್ನು ಕೊಂಡುಕೊಂಡವನನ್ನೂ ಊರವರು ನೊವಾಕ್ ಅಂತಲೇ ಕರೆಯುತ್ತಿದ್ದರು. ಮನೆ ಅಳಿಯನಾಗಿ ಹೋದವನಿಗೂ ಆ ಮನೆಯದೇ ಹೆಸರು ಬರುತ್ತಿತ್ತು. ಅವನು ಹುಟ್ಟಿದ್ದು ಯಾವ ಹೆಸರಲ್ಲಿ ಅಂತ ಯಾರೂ ಕೇಳುತ್ತಿರಲಿಲ್ಲ. ಹೀಗಾಗಿ ಒಬ್ಬನೇ ಮನುಷ್ಯ ಹುಟ್ಟುವಾಗ ಒಂದು ಹೆಸರು, ಸಾಯುವಾಗ ಇನ್ನೊಂದು ಹೆಸರು ಇಟ್ಟುಕೊಂಡ ಉದಾಹರಣೆಗಳಿವೆ. ವಂಶಾವಳಿ ಹುಡುಕುವವರು ಈಗಲೂ ಇಲ್ಲೇ ತಡವರಿಸುವುದು. ಕೊನೆಗೆ 1780ರ ದಶಕದಲ್ಲಿ ಆಗ ಆ ನಾಡನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆ ಎರಡನೇ ಜೋಸೆಫ್, ಎಲ್ಲರಿಗೂ ಒಂದು ಅಡ್ಡಹೆಸರು ಇರಬೇಕು, ಅದು ತಂದೆಯಿಂದ ಮಕ್ಕಳಿಗೆ ಬರಬೇಕು, ಸುಮ್ನೆ ಬದಲಾಯಿಸುವ ಹಾಗಿಲ್ಲ ಅಂತ ಕಟ್ಟು ಮಾಡಿದ. ತೆರಿಗೆಗೂ ಸೈನ್ಯಕ್ಕೂ ಲೆಕ್ಕ ಬೇಕಿತ್ತು ಅವನಿಗೆ. ಅಲ್ಲಿಗೆ ಹೆಸರು ಗಟ್ಟಿಯಾಯಿತು. ಆ ಹೊತ್ತಿಗೆ ಯಾರು ನೊವಾಕ್ ಆಗಿದ್ದರೋ ಅವರ ಮೊಮ್ಮಕ್ಕಳು ಮರಿಮಕ್ಕಳೆಲ್ಲ, ಅದೇ ಊರಿನಲ್ಲಿ ಇನ್ನೂರು ಮುನ್ನೂರು ವರ್ಷ ಇದ್ದರೂ, ಇವತ್ತಿಗೂ ಹೊಸಬರೇ.

ಇವತ್ತು ಒಂದು ಕೋಟಿ ಚಿಲ್ಲರೆ ಜನ ಇರುವ ಜೆಕ್ ದೇಶದಲ್ಲಿ ನೊವಾಕ್, ನೊವಾಕೋವಾ ಎರಡೂ ಸೇರಿಸಿದರೆ ಸುಮಾರು 70 ಸಾವಿರ ಮಂದಿ. ಪೋಲೆಂಡಿನಲ್ಲಿ ಸುಮಾರು 2 ಲಕ್ಷ, ಅದರಲ್ಲೂ ದೇಶದ ಪಶ್ಚಿಮ ಭಾಗದಲ್ಲಿ, ಪೊಜ್ನಾನ್ ಸುತ್ತಮುತ್ತ ದಟ್ಟವಾಗಿದ್ದಾರೆ. ಪುಟ್ಟ ಸ್ಲೊವೇನಿಯಾದಲ್ಲಿ ಸುಮಾರು 11 ಸಾವಿರ. ಅಲ್ಲಿ ಕಾಡು ಕಡಿದು ಹೊಸ ಜಮೀನು ಮಾಡಿಕೊಂಡು ಕೂತವನು ನೊವಾಕ್ ಅಂತ ಹೇಳುತ್ತಾರೆ. ಕ್ರೊವೇಷಿಯಾ, ಸ್ಲೊವಾಕಿಯಾಗಳಲ್ಲೂ ಹಂಗೇರಿಯಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ಜೆಕ್ ದೇಶದ ಕಚೇರಿಗಳಲ್ಲಿ ಅರ್ಜಿ ತುಂಬುವುದು ಹೇಗೆ ಅಂತ ತೋರಿಸಲು ಒಂದು ಮಾದರಿ ಹಚ್ಚಿರುತ್ತಾರೆ ನೋಡಿ, ಅದರಲ್ಲಿ ಬರೆದಿರುವ ಹೆಸರು ಯಾನ್ ನೊವಾಕ್. ಯಾರೋ ಒಬ್ಬ ಸಾಮಾನ್ಯ ಮನುಷ್ಯ ಅನ್ನಬೇಕಾದರೆ ಅವರು ಹೇಳುವುದೇ ಆ ಹೆಸರು. ಮಜಾ ಅಂದರೆ ಪೋಲೆಂಡಿನಲ್ಲಿ ನೊವಾಕ್‌ಗಳೇ ಜಾಸ್ತಿ ಇದ್ದರೂ ಸಾಮಾನ್ಯ ಮನುಷ್ಯನ ಹೆಸರು ಯಾನ್ ಕೊವಾಲ್ಸ್ಕಿ, ಕಮ್ಮಾರನ ಕಡೆಯವನು.

ಅಜ್ಜಿ ನನ್ನ ಅಡ್ಡಹೆಸರಿನ ಅರ್ಥ ಕೇಳಿದರು. ಹೊಸಮನಿ ಅಂದೆ. ಮಗ ಅದನ್ನು ಜೆಕ್‌ಗೆ ತಿರುಗಿಸಿ ಹೇಳಿದ, ಹೊಸ ಮನೆಯವರು ಅಂತ. ಅಜ್ಜಿ ಎರಡು ಕೈ ಚಪ್ಪಾಳೆ ತಟ್ಟಿ, ಒಳಗಿದ್ದ ಗಂಡನನ್ನು ಕೂಗಿ ಕರೆದು, ಇವರೂ ನಮ್ಮವರೇ ಅಂದರು. ಆಮೇಲೆ ನಾನು ನಮ್ಮ ಕಡೆಯ ಅಡ್ಡಹೆಸರುಗಳನ್ನೆಲ್ಲ ಹೇಳುತ್ತಾ ಹೋದೆ, ಬಡಿಗೇರ, ಕಮ್ಮಾರ, ಕುಂಬಾರ, ಹೂಗಾರ, ಉಳ್ಳಾಗಡ್ಡಿ, ಮೆಣಸಿನಕಾಯಿ. ಅವರು ಅವರ ಕಡೆಯವು ಹೇಳಿದರು. ತ್ಸಿಬುಲ್ಕಾ ಅಂದರೆ ಸಣ್ಣ ಉಳ್ಳಾಗಡ್ಡಿ. ಕೊವಾರ್ಜ್ ಅಂದರೆ ಕಮ್ಮಾರ. ಕುಚೆರಾ ಅಂದರೆ ಗುಂಗುರು ಕೂದಲಿನವನು. ವೆಸೆಲೀ ಅಂದರೆ ನಗುಮುಖದವನು. ನೆಯೆಸ್‌ಖ್ಲೆಬಾ ಅಂತ ಒಂದಿದೆ, 'ರೊಟ್ಟಿ ತಿನ್ನಬೇಡ' ಅಂತ ಅರ್ಥ! ಬರಹಗಾರ ಕಾಫ್ಕಾ ಅವರ ಹೆಸರು ಕಾಗೆ ಜಾತಿಯ ಒಂದು ಹಕ್ಕಿಯದು, ಅವರ ತಂದೆ ಅಂಗಡಿಯ ಗುರುತಾಗಿ ಅದೇ ಹಕ್ಕಿಯ ಚಿತ್ರ ಹಾಕಿಸಿದ್ದರು. ಧಾರವಾಡದಿಂದ ಇಷ್ಟು ದೂರ ಹೋಗಿ ಅಡ್ಡಹೆಸರಿನ ವಿಷಯಕ್ಕೆ ಊರಿನಲ್ಲೇ ಕೂತ ಹಾಗೆ ಅನ್ನಿಸಿತು ನನಗೆ.

ಟೆನಿಸ್ ನೋಡುವ ನಿಮ್ಮ ಓದುಗರಿಗೆ ಈ ಹೆಸರುಗಳು ಗೊತ್ತಿಲ್ಲ ಅಂತೇನಿಲ್ಲ, ಅರ್ಥ ಯಾರೂ ಹೇಳಿಲ್ಲ ಅಷ್ಟೇ. ಪ್ರಾಗ್‌ನಲ್ಲಿ ಹುಟ್ಟಿದ ಮಾರ್ಟಿನಾ ನವ್ರಾಟಿಲೋವಾ ಅವರನ್ನು ತೆಗೆದುಕೊಳ್ಳಿ. 2003ರಲ್ಲಿ ನಮ್ಮ ಲಿಯಾಂಡರ್ ಪೇಸ್ ಜೊತೆ ಆಡಿ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಎರಡೂ ಮಿಶ್ರ ಡಬಲ್ಸ್ ಗೆದ್ದವರು. ನವ್ರಾಟಿಲ್ ಅಂದರೆ 'ಅವನು ಹಿಂತಿರುಗಿ ಬಂದ' ಅಂತ. ಅದು ಅವರಿಗೆ ಮಲತಂದೆಯಿಂದ ಬಂದ ಹೆಸರು. 1975ರಲ್ಲಿ, 18 ವರ್ಷದ ಹುಡುಗಿ, ಅಮೆರಿಕದಲ್ಲಿ ಆಡಲು ಹೋದವರು ಅಲ್ಲೇ ಆಶ್ರಯ ಕೇಳಿದರು. 1986ರಲ್ಲಿ ಫೆಡರೇಷನ್ ಕಪ್ ಆಡಲು ಅಮೆರಿಕ ತಂಡದ ಜೊತೆ ಪ್ರಾಗ್‌ಗೆ ಬಂದರು. ದೇಶ ಬಿಟ್ಟು ಹೋದವರು ಅಂತ ಅಲ್ಲಿನ ಆಗಿನ ಕಮ್ಯುನಿಸ್ಟ್ ಸರ್ಕಾರಕ್ಕೆ ಸಿಟ್ಟು, ಹಾಗಾಗಿ ಮೈಕಿನಲ್ಲಿ ಅವರ ಹೆಸರು ಹೇಳದೆ ಅಮೆರಿಕದ ಆಟಗಾರ್ತಿ ಅಂತಷ್ಟೇ ಹೇಳಿದರು. ಕೂತಿದ್ದ ಜನ ಮಾತ್ರ ಎದ್ದು ಚಪ್ಪಾಳೆ ತಟ್ಟಿದರು. ಹೆಸರಿನಲ್ಲೇ 'ಹಿಂತಿರುಗಿ ಬಂದ' ಅಂತ ಇರುವವರು ತವರಿಗೆ ಹಿಂತಿರುಗಿ ಬಂದಾಗ ಆ ಹೆಸರೇ ಬಾಯಿಗೆ ಬರಲಿಲ್ಲ. ಇದನ್ನು ಓದಿದಾಗ ನನಗೆ ಸಂಕಟವಾಯಿತು.

ಬರ್ನೊದವರಿಗೆ ಇನ್ನೂ ಹತ್ತಿರದ ಹೆಸರು ಯಾನಾ ನೊವೊತ್ನಾ. ಅವರು ಅದೇ ಊರಿನವರು. ನೊವೊತ್ನೀ ಕೂಡ 'ಹೊಸ' ಅನ್ನುವ ಬೇರಿನಿಂದಲೇ ಹುಟ್ಟಿದ್ದು, ಅದೂ ಹೊಸಬನೇ. ಆದರೆ ಇದು ವಿಶೇಷಣದ ಥರದ ಹೆಸರು, ಅದಕ್ಕೆ ಹೆಂಗಸರಿಗೆ 'ಓವಾ' ಬರುವುದಿಲ್ಲ, ಕೊನೆ ಮಾತ್ರ ಬದಲಾಗಿ ನೊವೊತ್ನಾ ಆಗುತ್ತದೆ. 1993ರ ವಿಂಬಲ್ಡನ್ ಫೈನಲ್ ನಾನು ದೂರದರ್ಶನದಲ್ಲಿ ನೋಡಿದ್ದೆ. ಸ್ಟೆಫಿ ಗ್ರಾಫ್ ಎದುರು ಕೊನೆಯ ಸೆಟ್‌ನಲ್ಲಿ 4-1 ಮುಂದಿದ್ದವರು ಸೋತರು. ತಟ್ಟೆ ಕೊಡಲು ಬಂದ ಬ್ರಿಟನ್ ರಾಜಮನೆತನದ ಕೆಂಟ್‌ನ ಡಚೆಸ್ ಹೆಗಲ ಮೇಲೆ ತಲೆ ಇಟ್ಟು ಅತ್ತರು. ನಮ್ಮ ಮನೆಯಲ್ಲೂ ಎಲ್ಲರ ಕಣ್ಣು ಒದ್ದೆ. 1998ರಲ್ಲಿ ಅವರು ಗೆದ್ದೇ ಬಿಟ್ಟರು. ಮುಂದೆ ಅದೇ ಬರ್ನೊದ ಒಬ್ಬಳು ಹುಡುಗಿ, ತಂದೆ ತಾಯಿ ಜೊತೆ ಹೋಗಿ ಅವರ ಮನೆ ಬಾಗಿಲು ತಟ್ಟಿ, ನನಗೆ ದಾರಿ ತೋರಿಸಿ ಅಂತ ಕೇಳಿದಳು. ಅವಳೇ ಬಾರ್ಬೊರಾ ಕ್ರೇಯ್ಚಿಕೋವಾ. ಕ್ರೇಯ್ಚೀ ಅಂದರೆ ಸಿಂಪಿಗ, ಕ್ರೇಯ್ಚಿಕ್ ಅಂದರೆ ಸಣ್ಣ ಸಿಂಪಿಗ. ನಮ್ಮ ಓಣಿಯ ಸಿಂಪಿಗೇರ ಮನೆಯವರಿಗೆ ಇದನ್ನು ಹೇಳಿದೆ, ಅವರಿಗೆ ಎಷ್ಟು ಖುಷಿಯಾಯಿತು ಅಂದರೆ, ಆವತ್ತಿನಿಂದ ಅವಳು ಅವರ ಮನೆ ಮಗಳು. ನೊವೊತ್ನಾ 2017ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, ವಯಸ್ಸು ಬರೀ 49. ಕ್ರೇಯ್ಚಿಕೋವಾ 2024ರಲ್ಲಿ ವಿಂಬಲ್ಡನ್ ಗೆದ್ದ ಮೇಲೆ ಗೋಡೆಯ ಮೇಲಿನ ಗೆದ್ದವರ ಫಲಕದಲ್ಲಿ ಗುರುವಿನ ಹೆಸರು ನೋಡಿ ಅತ್ತುಬಿಟ್ಟರು.

ಇಂಥ ಹೆಸರುಗಳನ್ನು ನೀವು ಅರ್ಧಕ್ಕೆ ಕತ್ತರಿಸಿ ಹಾಕಿದಾಗ ನನಗೆ ನೋವಾಗುವುದು ಇದಕ್ಕೇ.

ಈಗ ಜನವರಿಯ ವಿಷಯ. ಆ ಅಜ್ಜಿ ಮತ್ತು ಅವರ ಯಜಮಾನರು ಹಂಪಿ ನೋಡಬೇಕು ಅಂತ ಬಂದರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದ ಟಿಕೆಟ್ ನಾನೇ ಇಲ್ಲಿಂದ ಒಬ್ಬ ಏಜೆಂಟರ ಹತ್ತಿರ ಮಾಡಿಸಿದ್ದೆ. ಪಾಸ್‌ಪೋರ್ಟಿನ ಪ್ರತಿ ಕೊಟ್ಟಿದ್ದೆ. ಆದರೂ ಅವರು ಇಬ್ಬರಿಗೂ ನೊವಾಕ್ ಅಂತಲೇ ಹಾಕಿದ್ದರು. ಕೌಂಟರಿನಲ್ಲಿ ಯಜಮಾನರನ್ನು ಬಿಟ್ಟರು, ಅಜ್ಜಿಯನ್ನು ಬಿಡಲಿಲ್ಲ. ಟಿಕೆಟ್‌ನಲ್ಲಿರುವ ಹೆಸರೇ ಬೇರೆ, ಪಾಸ್‌ಪೋರ್ಟ್‌ನಲ್ಲಿರುವುದೇ ಬೇರೆ ಅಂದರು. ನಾನು ಧಾರವಾಡದಿಂದ ಫೋನಿನಲ್ಲಿ ಎಷ್ಟು ವಿವರಿಸಿದರೂ ಆಗಲಿಲ್ಲ. ವಿಮಾನ ಹೋಯಿತು. ಎಪ್ಪತ್ತು ದಾಟಿದ ಇಬ್ಬರು, ಭಾಷೆ ಬರದ ಊರಿನಲ್ಲಿ, ರಾತ್ರಿ ಬಸ್ಸು ಹತ್ತಿ ಕೂತೇ ಬಂದರು. ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿಯ ಕಾಲು ಊದಿಕೊಂಡಿದ್ದು ನೋಡಿ ನನಗೆ ತಲೆ ಎತ್ತಲಾಗಲಿಲ್ಲ. ಏಜೆಂಟರನ್ನು ಕೇಳಿದರೆ, ಗಂಡ ನೊವಾಕ್ ಹೆಂಡತಿ ನೊವಾಕೋವಾ ಹೇಗಾಗುತ್ತೆ ಮೇಡಂ, ಟೈಪಿಂಗ್ ಮಿಸ್ಟೇಕ್ ಇರಬೇಕು ಅಂತ ನಾನೇ ಸರಿ ಮಾಡಿದೆ ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ದಿನಾ ಪತ್ರಿಕೆ ಓದುವ ಮನುಷ್ಯ ಅವರು. ಪತ್ರಿಕೆಯಲ್ಲಿ ಒಮ್ಮೆಯಾದರೂ ಇದು ಬಂದಿದ್ದರೆ?

ಈ 'ಓವಾ' ಬಗ್ಗೆ ಅಲ್ಲಿನ ಹೆಂಗಸರಲ್ಲೂ ಒಂದೇ ಅಭಿಪ್ರಾಯ ಇಲ್ಲ, ಅದನ್ನೂ ಹೇಳಬೇಕು. ಹಿಂದೆ ವಿದೇಶಿಯನ್ನು ಮದುವೆಯಾದವರು, ವಿದೇಶದಲ್ಲಿ ನೆಲೆಸಿದವರು, ಇಂಥ ಕೆಲವರಿಗಷ್ಟೇ ಬಾಲವಿಲ್ಲದ ಹೆಸರು ಇಟ್ಟುಕೊಳ್ಳಲು ಅವಕಾಶ ಇತ್ತು. 2022ರ ಜನವರಿ 1ರಿಂದ ಯಾವ ಹೆಂಗಸು ಬೇಕಾದರೂ ಕಾರಣ ಹೇಳದೆ ಹಾಗೆ ಇಟ್ಟುಕೊಳ್ಳಬಹುದು. ಹಾಗಾಗಿ ಈಗ ನೊವಾಕ್ ಅಂತಲೇ ಇರುವ ಹೆಂಗಸರೂ ಸಿಗುತ್ತಾರೆ. ಪೋಲೆಂಡಿನಲ್ಲಂತೂ ನೊವಾಕ್ ಗಂಡಿಗೂ ಹೆಣ್ಣಿಗೂ ಒಂದೇ. ಹಿಂದೆ ಅಲ್ಲಿ ಹೆಂಡತಿ ನೊವಾಕೋವಾ, ಮಗಳು ನೊವಾಕುವ್ನಾ ಅಂತ ಬೇರೆ ಬೇರೆ ಹೇಳುತ್ತಿದ್ದರು, ಅದು ಈಗ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಹಂಗೇರಿಗೆ 2022ರಿಂದ 2024ರವರೆಗೆ ರಾಷ್ಟ್ರಪತಿ ಆಗಿದ್ದ ಕತಾಲಿನ್ ನೊವಾಕ್ ಹೆಂಗಸೇ, ಅವರ ಭಾಷೆಯಲ್ಲಿ ಲಿಂಗವೇ ಇಲ್ಲ, ಹೆಸರಿಗೆ ಬಾಲವೂ ಇಲ್ಲ. ನಮ್ಮ ಅಜ್ಜಿಗೆ ಮಾತ್ರ ಬಾಲ ಬೇಕು. ಅದಿಲ್ಲದಿದ್ದರೆ ನನ್ನನ್ನು ಯಾರೋ ಗಂಡಸನ್ನು ಕರೆದ ಹಾಗಾಗುತ್ತದೆ ಅಂತಾರೆ. ಅವರ ಮೊಮ್ಮಗಳಿಗೆ ಬೇಡ. ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು. ಆಯ್ಕೆ ಅವರದು, ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದನ್ನು ಬರೆಯುವುದು ನಮ್ಮ ಕೆಲಸ.

ಹೆಸರು ಬಿಡದವರ ಮಾತು ಬಂದಾಗ ಹಾಲಿವುಡ್ ನಟಿ ಕಿಮ್ ನೊವಾಕ್ ನೆನಪಾಗುತ್ತಾರೆ. ಶಿಕಾಗೋದಲ್ಲಿ ಹುಟ್ಟಿದವರು, ಜೆಕ್ ಮೂಲದ ಕುಟುಂಬ. 1950ರ ದಶಕದಲ್ಲಿ ಸ್ಟುಡಿಯೋದವರು ಈ ಅಡ್ಡಹೆಸರು ಸಿನಿಮಾಕ್ಕೆ ಆಗಲ್ಲ, ಬದಲಾಯಿಸು ಅಂತ ಒತ್ತಾಯ ಮಾಡಿದರು. ಮರ್ಲಿನ್ ಎಂಬ ತನ್ನ ಹೆಸರನ್ನು ಬಿಟ್ಟುಕೊಟ್ಟರು, ಮನೆತನದ ಹೆಸರನ್ನು ಬಿಡಲಿಲ್ಲ.

ಆದ್ದರಿಂದ ಸಂಪಾದಕರೇ, ನನ್ನ ಬೇಡಿಕೆ ಇಷ್ಟೇ. ಜೊಕೊವಿಚ್ ಬಗ್ಗೆ ತಿದ್ದುಪಡಿ ಹಾಕಿ. ಜೆಕ್ ಆಟಗಾರ್ತಿಯ ತಂದೆಯ ಬಗ್ಗೆ ಬರೆಯುವಾಗ ಅವರನ್ನು 'ಓವಾ' ಮಾಡಬೇಡಿ, ಹೋದ ವರ್ಷ ಎರಡು ಸಲ ಮಾಡಿದ್ದಿರಿ. ಜಾಗ ಸಾಲದೆಂದು ಆಟಗಾರ್ತಿಯ ಹೆಸರಿನ ಬಾಲವನ್ನೂ ಕತ್ತರಿಸಬೇಡಿ. ಸುದ್ದಿ ಸಂಸ್ಥೆಯಿಂದ ಇಂಗ್ಲಿಷ್‌ನಲ್ಲಿ ಬಂದದ್ದನ್ನು ಅಕ್ಷರ ನೋಡಿ ಓದದೆ ಅವರು ಹೇಗೆ ಹೇಳುತ್ತಾರೆ ಅಂತ ಒಮ್ಮೆ ಕೇಳಿಸಿಕೊಂಡು ಬರೆಯಿರಿ. ನಮ್ಮ ಭಾಷೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಬರೆಯುವ ಅನುಕೂಲ ಇದೆ, ಅದನ್ನು ಬಳಸಿಕೊಳ್ಳಿ. ಹುಬ್ಬಳ್ಳಿಯನ್ನು ಹುಬ್ಲಿ ಅಂತ ಬರೆದರೆ ನಮಗೆ ಎಷ್ಟು ಸಿಟ್ಟು ಬರುತ್ತಿತ್ತು ನೆನಪಿದೆಯಾ?

ಎರಡನೇ ಸಲ ಹೋದಾಗ ಆ ಫಲಕದಲ್ಲಿ ಎರಡು ಚೀಟಿ ಹೊಸದಾಗಿ ಬಂದಿದ್ದವು. ಒಂದು ನುಯೆನ್. ವಿಯೆಟ್ನಾಂನಿಂದ ಬಂದವರ ಹೆಸರು. ಮೊದಮೊದಲು ಕಮ್ಯುನಿಸ್ಟ್ ಕಾಲದಲ್ಲಿ ಓದಲು, ಕಾರ್ಖಾನೆ ಕೆಲಸಕ್ಕೆ ಅಂತ ಬಂದ ಅವರು ಈಗ ಊರೂರಲ್ಲಿ ಅಂಗಡಿ ಇಟ್ಟಿದ್ದಾರೆ, ಮಕ್ಕಳು ಜೆಕ್ ಶಾಲೆಯಲ್ಲಿ ಓದುತ್ತಿದ್ದಾರೆ, ನುಯೆನ್ ಈಗ ಆ ದೇಶದ ತೀರಾ ಸಾಮಾನ್ಯ ಅಡ್ಡಹೆಸರುಗಳ ಸಾಲಿನಲ್ಲೇ ಬಂದು ಕೂತಿದೆ. ಇನ್ನೊಂದು ಚೀಟಿ ನನ್ನ ಮಗನದು. ಅಷ್ಟು ದಿನ ಆ ಗುಂಡಿಯ ಪಕ್ಕ ಹಳೇ ಬಾಡಿಗೆದಾರರ ಹೆಸರೇ ಇತ್ತು. ಹೊಸಮನಿ ಅಂತ ಅಜ್ಜಿಯೇ ದುಂಡಗೆ ಬರೆದು, ಗಾಜು ಬಿಚ್ಚಿ, ಒಳಗೆ ಸೇರಿಸಿದ್ದರು. ಒಂದು ಅಕ್ಷರವೂ ತಪ್ಪಿಲ್ಲ, ಬರೆಯುವ ಮೊದಲು ಮಗನನ್ನು ಮೂರು ಸಲ ಕೇಳಿದ್ದರಂತೆ.

ಬರುವ ಡಿಸೆಂಬರಿನಲ್ಲಿ ಅವರು ಬಾದಾಮಿ, ಪಟ್ಟದಕಲ್ಲು ನೋಡಲು ಮತ್ತೆ ಬರುತ್ತಾರೆ. ಈ ಸಲ ಟಿಕೆಟ್ ಮಾಡಿಸುವಾಗ ಏಜೆಂಟರ ಪಕ್ಕದಲ್ಲೇ ಕೂತಿರುತ್ತೇನೆ. ಅಷ್ಟರಲ್ಲಿ ನೀವು ಈ ಪತ್ರ ಹಾಕಿದರೆ ಅದನ್ನೂ ಕತ್ತರಿಸಿ ಒಯ್ಯುತ್ತೇನೆ.

ಇಂತಿ ನಿಮ್ಮ ಹಳೆಯ ಓದುಗಳು,
ಶ್ರೀಮತಿ ಹೊಸಮನಿ, ಧಾರವಾಡ